ಸತ್ತ ನಾಯಕನ ಹೆಸರಿಗೆ ಅಂಟಿದ ಕಳಂಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ದ್ರೋಹಿಯೆಂದೋ ಕೊಲೆಗಾರನೆಂದೋ ಜನಕಂಟಕನೆಂದೋ ಹೆಸರು ಕೆಟ್ಟು ಸತ್ತ ನಾಯಕನಿಗೆ ಮುಂದಿನ ತಲೆಮಾರುಗಳು ಗೌರವವನ್ನು ಮರಳಿಸುವುದು ಸರಿಯೇ, ಅದಕ್ಕೆ ಯಾರಿಗೆ ಅಧಿಕಾರವಿದೆ, ಹಾಗೆ ಮಾಡುವಾಗ ಏನನ್ನು ಮರೆಯಬಾರದು ಎಂಬುದು ಆ ಪತ್ರಗಳ ಒಟ್ಟು ಜಿಜ್ಞಾಸೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮರಣದಂಡನೆಗೆ ಗುರಿಯಾದ ನಾಯಕನೊಬ್ಬನ ಮೇಲಿನ ತೀರ್ಪು ತಪ್ಪೆಂದು ದಶಕಗಳ ನಂತರ ನ್ಯಾಯಾಲಯವೇ ಹೇಳಿದರೆ, ಆತ ನಿರಪರಾಧಿಯೆಂದು ಸಾಬೀತಾದಂತೆ ಆಗುವುದೇ? ಕ್ಷಮಾದಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಮೂರು ಬೇರೆ ಬೇರೆ ಸಂಗತಿಗಳು ಇಲ್ಲಿ ಒಂದರೊಳಗೊಂದು ಕಲೆತುಹೋಗುತ್ತವೆ. ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲ ಎನ್ನುವುದು ಒಂದು. ಆರೋಪಿಸಿದ ಅಪರಾಧವನ್ನು ಆತ ಮಾಡಿಯೇ ಇರಲಿಲ್ಲ ಎನ್ನುವುದು ಇನ್ನೊಂದು. ಆತ ಒಳ್ಳೆಯ ನಾಯಕನಾಗಿದ್ದ ಎನ್ನುವುದು ಮತ್ತೊಂದು. ಮೊದಲನೆಯದನ್ನು ನ್ಯಾಯಾಲಯ ಹೇಳಬಲ್ಲದು. ಎರಡನೆಯದನ್ನು ಕೆಲವೊಮ್ಮೆ ಹೇಳಬಲ್ಲದು. ಮೂರನೆಯದು ನ್ಯಾಯಾಲಯದ ಕೆಲಸವೇ ಅಲ್ಲ.

ಪಾಕಿಸ್ತಾನದ ಪ್ರಧಾನಿಯಾಗಿದ್ದ ಜುಲ್ಫಿಕರ್ ಅಲಿ ಭುಟ್ಟೊ ಅವರ ಪ್ರಕರಣ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಜನರಲ್ ಜಿಯಾ ಉಲ್ ಹಕ್ ಅವರ ಸೇನಾಡಳಿತದ ಕಾಲದಲ್ಲಿ, ಕೊಲೆಗೆ ಸಂಚು ಹೂಡಿದ ಆರೋಪದ ಮೇಲೆ ಲಾಹೋರ್ ಹೈಕೋರ್ಟ್ 1978ರಲ್ಲಿ ಅವರಿಗೆ ಮರಣದಂಡನೆ ವಿಧಿಸಿತು. ಸುಪ್ರೀಂ ಕೋರ್ಟ್ ಅದನ್ನು ನಾಲ್ಕಕ್ಕೆ ಮೂರರ ಬಹುಮತದಿಂದ ಎತ್ತಿಹಿಡಿಯಿತು. 1979ರ ಏಪ್ರಿಲ್ 4ರಂದು ರಾವಲ್ಪಿಂಡಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ಅಳಿಯ ಆಸಿಫ್ ಅಲಿ ಜರ್ದಾರಿ ರಾಷ್ಟ್ರಪತಿಯಾಗಿದ್ದಾಗ, 2011ರಲ್ಲಿ, ಈ ವಿಷಯದ ಬಗ್ಗೆ ಸುಪ್ರೀಂ ಕೋರ್ಟ್‌ನ ಅಭಿಪ್ರಾಯವನ್ನು ಕೇಳಿದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 6ರಂದು ಒಮ್ಮತದಿಂದ ತನ್ನ ಅಭಿಪ್ರಾಯವನ್ನು ತಿಳಿಸಿತು. ವಿಚಾರಣೆಯೂ ಮೇಲ್ಮನವಿಯೂ ನ್ಯಾಯಯುತ ವಿಚಾರಣೆಯ ಹಕ್ಕಿಗೆ ತಕ್ಕಂತೆ ನಡೆಯಲಿಲ್ಲ ಎಂದು ಹೇಳಿದ ಪೀಠ, ಅಂತಿಮಗೊಂಡ ತೀರ್ಪನ್ನು ಬದಿಗೊತ್ತಲು ಸಂವಿಧಾನದಲ್ಲಾಗಲಿ ಕಾನೂನಿನಲ್ಲಾಗಲಿ ದಾರಿಯಿಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳಿತು. ಕೊಲೆಯ ಆರೋಪ ಸುಳ್ಳೆಂದು ಆ ಪೀಠ ಘೋಷಿಸಲಿಲ್ಲ. ಬಾಂಗ್ಲಾದೇಶ ಬೇರ್ಪಟ್ಟ 1971ರ ರಾಜಕೀಯ ಬಿಕ್ಕಟ್ಟಿನಲ್ಲಿ ಭುಟ್ಟೊ ಅವರ ಪಾತ್ರ, 1973ರಲ್ಲಿ ಆರಂಭವಾದ ಬಲೂಚಿಸ್ತಾನದ ಸೇನಾ ಕಾರ್ಯಾಚರಣೆ, ಅಹ್ಮದೀಯರನ್ನು ಮುಸ್ಲಿಮೇತರರೆಂದು ಘೋಷಿಸಿದ 1974ರ ಸಂವಿಧಾನ ತಿದ್ದುಪಡಿ, ಇವೆಲ್ಲ ಆ ಪೀಠದ ಮುಂದಿನ ಪ್ರಶ್ನೆಗಳಾಗಿರಲೇ ಇಲ್ಲ. ಆದ್ದರಿಂದ 2024ರ ಅಭಿಪ್ರಾಯವನ್ನು ಹಿಡಿದು ಭುಟ್ಟೊ ಆಡಳಿತಕ್ಕೆಲ್ಲ ಪ್ರಮಾಣಪತ್ರ ಸಿಕ್ಕಿತು ಎನ್ನುವವರೂ, ಆ ಆಡಳಿತದ ದೋಷಗಳನ್ನು ಮುಂದೆ ಮಾಡಿ ಗಲ್ಲು ಸರಿಯಾಗಿಯೇ ಇತ್ತು ಎನ್ನುವವರೂ ಒಂದೇ ಬಗೆಯ ತಪ್ಪನ್ನು ಮಾಡುತ್ತಾರೆ.

ಕ್ಷಮಾದಾನದ ವಿಷಯ ಬೇರೆ. ಅಪರಾಧ ನಡೆದಿದೆ ಎಂದು ಒಪ್ಪಿಕೊಂಡು ಶಿಕ್ಷೆಯನ್ನು ಮನ್ನಿಸುವುದು ಅದರ ಸ್ವರೂಪ. ಕೆನಡಾದಲ್ಲಿ 1885ರ ನವೆಂಬರ್ 16ರಂದು ದೇಶದ್ರೋಹದ ಆರೋಪದ ಮೇಲೆ ಗಲ್ಲಿಗೇರಿಸಲಾದ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಸಂತತಿಯ ಮೇಟೀ ಸಮುದಾಯದ ನಾಯಕ ಲೂಯಿ ರಿಯೆಲ್ ವಿಷಯದಲ್ಲಿ ಕ್ಷಮಾದಾನದ ಮಾತು ಬಂದಾಗ, ಕ್ಷಮಿಸುವುದೆಂದರೆ ತಪ್ಪು ಅವನದೆಂದು ಮತ್ತೊಮ್ಮೆ ಹೇಳಿದಂತಲ್ಲವೇ ಎಂದು ಅವನ ಜನರ ನಡುವಿನಿಂದಲೇ ಆಕ್ಷೇಪ ಕೇಳಿಬಂತು. ಆ ಆಕ್ಷೇಪ ನನಗೆ ನ್ಯಾಯವಾಗಿಯೇ ತೋರುತ್ತದೆ. ಕೆನಡಾದ ಸಂಸತ್ತು 1992ರಲ್ಲಿ ಅವನನ್ನು ಮ್ಯಾನಿಟೋಬಾ ಪ್ರಾಂತ್ಯದ ಸಂಸ್ಥಾಪಕನೆಂದು ಗುರುತಿಸಿತು. 2023ರಲ್ಲಿ ಮ್ಯಾನಿಟೋಬಾದ ಶಾಸನಸಭೆ ಪ್ರಾಂತ್ಯದ ಪ್ರಥಮ ಪ್ರಧಾನನೆಂಬ ಗೌರವ ಪದವಿಯನ್ನು ಅವನಿಗೆ ನೀಡಿತು. ದೇಶದ್ರೋಹದ ತೀರ್ಪನ್ನು ಇವೆರಡೂ ಮುಟ್ಟಲಿಲ್ಲ. ರಿಯೆಲ್‌ನ ತಾತ್ಕಾಲಿಕ ಸರ್ಕಾರ 1870ರಲ್ಲಿ ಥಾಮಸ್ ಸ್ಕಾಟ್ ಎಂಬಾತನಿಗೆ ವಿಧಿಸಿದ ಮರಣದಂಡನೆಯ ಚರ್ಚೆಯೂ ಇಂದಿಗೂ ನಿಂತಿಲ್ಲ.

ಪ್ರಶ್ನೆ: ಇಂಥ ಗೌರವಗಳೆಲ್ಲ ಅಧಿಕಾರದಲ್ಲಿರುವವರ ಅನುಕೂಲಕ್ಕಾಗಿ ನಡೆಯುವ ನಾಟಕವಲ್ಲವೇ? ಸತ್ತವನ ಮೇಲೆ ನಿಜವಾದ ಕಾಳಜಿ ಯಾರಿಗಿರುತ್ತದೆ?

ಉತ್ತರ: ಅಧಿಕಾರದ ಅನುಕೂಲ ಹೆಚ್ಚುಕಡಿಮೆ ಪ್ರತಿಯೊಂದು ಪ್ರಕರಣದಲ್ಲೂ ಇರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಗ್ಲಿಷರ ವಿರುದ್ಧ ಫ್ರೆಂಚ್ ಸೇನೆಯೊಂದಿಗೆ ಹೋರಾಡಿದ ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ಇಂಗ್ಲಿಷರ ಹಿಡಿತದಲ್ಲಿದ್ದ ರೂಆನ್ ನಗರದಲ್ಲಿ ಧರ್ಮದ್ರೋಹಿಯೆಂದು ಜೀವಂತ ಸುಟ್ಟಾಗ, ಆಕೆಯ ನೆರವಿನಿಂದಲೇ ಕಿರೀಟ ಧರಿಸಿದ್ದ ಫ್ರಾನ್ಸಿನ ದೊರೆ ಏಳನೆಯ ಚಾರ್ಲ್ಸ್ ಆಕೆಯನ್ನು ಉಳಿಸಲು ಮುಂದಾಗಲಿಲ್ಲ. 1449ರಲ್ಲಿ ರೂಆನ್ ಅವನ ವಶವಾದ ಬಳಿಕ, ತನಗೆ ಪಟ್ಟ ಕಟ್ಟಲು ಕಾರಣಳಾದವಳು ಧರ್ಮದ್ರೋಹಿ ಎಂಬ ಮಾತು ತನ್ನ ಕಿರೀಟಕ್ಕೇ ಕಳಂಕವೆಂದು ಕಂಡಿತು, ತನಿಖೆ ಆರಂಭವಾಯಿತು. 1456ರ ಜುಲೈ 7ರಂದು ಹಳೆಯ ವಿಚಾರಣೆಯನ್ನು ಅನೂರ್ಜಿತಗೊಳಿಸಲಾಯಿತು. ಆದರೆ ಈ ಕಥೆಯಲ್ಲಿ ರಾಜನೊಬ್ಬನೇ ಇಲ್ಲ. 1455ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ಪೋಪ್ ಕಳುಹಿಸಿದ ಧರ್ಮಾಧಿಕಾರಿಗಳ ಮುಂದೆ ನಿಂತು ಮಗಳಿಗೆ ನ್ಯಾಯ ಬೇಡಿದವಳು ಅವಳ ವೃದ್ಧ ತಾಯಿ ಇಸಬೆಲ್. ಬಳಿಕ ನೂರಕ್ಕೂ ಹೆಚ್ಚು ಸಾಕ್ಷಿಗಳು ನುಡಿದರು. ಇಂದು ನಮಗೆ ಜೋನ್‌ಳ ಬಾಲ್ಯದ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಆ ಸಾಕ್ಷ್ಯಗಳಿಂದಲೇ ಬಂದದ್ದು. ರಾಜನ ಉದ್ದೇಶ ಏನೇ ಇದ್ದರೂ, ತಾಯಿಯ ಬೇಡಿಕೆ ಸತ್ಯವಾಗಿತ್ತು, ಸಾಕ್ಷ್ಯಗಳು ದಾಖಲೆಯಾಗಿ ಉಳಿದವು.

ಸೋವಿಯತ್ ಒಕ್ಕೂಟದ ನಿಕೊಲಾಯ್ ಬುಖಾರಿನ್ ವಿಷಯದಲ್ಲಿ ಇದು ಇನ್ನಷ್ಟು ಮನಕಲಕುವಂತೆ ಕಾಣುತ್ತದೆ. ಕ್ರಾಂತಿಯ ಅಗ್ರ ನಾಯಕರಲ್ಲೊಬ್ಬರಾಗಿದ್ದ ಅವರನ್ನು ಸ್ಟಾಲಿನ್ ಆಡಳಿತ ಬಹಿರಂಗ ವಿಚಾರಣೆಯ ಪ್ರಹಸನ ನಡೆಸಿ 1938ರ ಮಾರ್ಚ್‌ನಲ್ಲಿ ಗುಂಡಿಟ್ಟು ಕೊಂದಿತು. ಬಂಧನಕ್ಕೆ ಮುನ್ನ ಅವರು ಪಕ್ಷದ ಮುಂದಿನ ತಲೆಮಾರಿನ ನಾಯಕರಿಗೆಂದು ಪತ್ರವೊಂದನ್ನು ಬರೆದು, ಅದನ್ನು ತಮ್ಮ ಎಳೆಯ ಪ್ರಾಯದ ಪತ್ನಿ ಅನ್ನಾ ಲಾರಿನಾ ಅವರಿಂದ ಬಾಯಿಪಾಠ ಮಾಡಿಸಿದರು. ಕಾಗದ ಸಿಕ್ಕರೆ ಪ್ರಾಣಕ್ಕೇ ಸಂಚಕಾರವಾಗುತ್ತಿದ್ದ ಕಾಲ ಅದು. ಸುಮಾರು ಎರಡು ದಶಕಗಳನ್ನು ಶಿಬಿರಗಳಲ್ಲಿಯೂ ಗಡೀಪಾರಿನಲ್ಲಿಯೂ ಕಳೆದ ಆಕೆ, ಒಂದು ವರ್ಷದ ಮಗುವಾಗಿದ್ದ ಮಗನಿಂದ ದೂರವಾಗಿ, ಆ ಪತ್ರವನ್ನು ಮನಸ್ಸಿನಲ್ಲೇ ಹೊತ್ತು ಬಂದರು. ಬಿಡುಗಡೆಯ ನಂತರ ಪತಿಯ ಹೆಸರಿಗಾಗಿ ಪಕ್ಷದ ನಾಯಕರಿಗೆ ಮನವಿ ಸಲ್ಲಿಸಿದರು. ಅದಕ್ಕೆ ಫಲ ಸಿಕ್ಕಿದ್ದು ಗೊರ್ಬಚೆವ್ ಕಾಲದಲ್ಲಿ. ಮಾರುಕಟ್ಟೆಗೆ ಸ್ವಲ್ಪ ಅವಕಾಶ ಕೊಡುವ ಸಮಾಜವಾದ ಸಾಧ್ಯವೆಂದು ತೋರಿಸಲು ಗೊರ್ಬಚೆವ್ ಅವರಿಗೆ ಪಕ್ಷದ ಇತಿಹಾಸದೊಳಗಿನಿಂದಲೇ ಒಬ್ಬ ಪೂರ್ವಸೂರಿ ಬೇಕಾಗಿತ್ತು, ಬುಖಾರಿನ್ ಆ ಸ್ಥಾನಕ್ಕೆ ಒದಗಿದರು. 1988ರ ಫೆಬ್ರವರಿಯಲ್ಲಿ ಸೋವಿಯತ್ ಸುಪ್ರೀಂ ಕೋರ್ಟ್ 1938ರ ತೀರ್ಪನ್ನು ರದ್ದುಪಡಿಸಿತು. ಅದೇ ವರ್ಷ ಪಕ್ಷದ ಸದಸ್ಯತ್ವವೂ ಮರಳಿತು. ಗೊರ್ಬಚೆವ್ ಅವರಿಗೆ ಇದರಿಂದ ರಾಜಕೀಯ ಲಾಭವಿತ್ತು ಎಂಬ ಕಾರಣಕ್ಕೆ ಲಾರಿನಾ ಅವರ ಅಷ್ಟು ವರ್ಷಗಳ ನಿಷ್ಠೆಯನ್ನು ನಾಟಕವೆಂದು ಕರೆಯಲು ನನ್ನಿಂದಾಗದು. ಸ್ಟಾಲಿನ್ ತನ್ನ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಮೂಲೆಗೊತ್ತುತ್ತಿದ್ದಾಗ, ಅಂದರೆ 1928ರವರೆಗೆ, ಆತನ ಪಕ್ಕದಲ್ಲಿ ನಿಂತಿದ್ದವರು ಇದೇ ಬುಖಾರಿನ್ ಎಂಬುದನ್ನೂ ಬಿಟ್ಟು ಹೇಳಲಾಗದು.

ಚೀನಾದ ಅಧ್ಯಕ್ಷರಾಗಿದ್ದ ಲಿಯು ಶಾವೋಚಿ ಸಾಂಸ್ಕೃತಿಕ ಕ್ರಾಂತಿಯಲ್ಲಿ ದ್ರೋಹಿಯೆಂಬ ಹಣೆಪಟ್ಟಿ ಹೊತ್ತು, 1969ರ ನವೆಂಬರ್‌ನಲ್ಲಿ ಕಾಯಿಫೆಂಗ್ ನಗರದ ಬಂಧನದಲ್ಲಿ ತೀರಿಕೊಂಡರು. 1980ರ ಫೆಬ್ರವರಿಯಲ್ಲಿ ಪಕ್ಷದ ಕೇಂದ್ರ ಸಮಿತಿ ಆ ಆರೋಪಗಳನ್ನೆಲ್ಲ ಹಿಂತೆಗೆದುಕೊಂಡಿತು. ಲಿಯು ಜೊತೆಯಲ್ಲೇ ಪದಚ್ಯುತರಾಗಿದ್ದ ಡೆಂಗ್ ಷಿಯಾವೊಪಿಂಗ್ ಆ ಹೊತ್ತಿಗೆ ಅಧಿಕಾರದ ಶಿಖರದಲ್ಲಿದ್ದರು. ಲಿಯು ನಿರ್ದೋಷಿಯಾದರೆ ತಾವೂ ನಿರ್ದೋಷಿ ಎಂಬ ಲೆಕ್ಕ ಅವರಿಗೆ ಇದ್ದೇ ಇತ್ತು. ಇಲ್ಲಿ ನನಗೆ ಕೊರತೆಯಾಗಿ ಕಾಣುವುದು ಆ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ, ದೋಷಾರೋಪ ಮಾಡಿದ ಪಕ್ಷವೇ ದೋಷಮುಕ್ತಿಯನ್ನೂ ಕೊಟ್ಟು, ಕಡತಗಳನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡದ್ದು. ಅಧಿಕಾರದಲ್ಲಿರುವವರ ಉದ್ದೇಶ ಶುದ್ಧವೇ ಎಂಬುದನ್ನು ಹೊರಗಿನಿಂದ ಅಳೆಯುವುದು ಕಷ್ಟ. ಅವರು ದಾಖಲೆಗಳನ್ನು ತೆರೆದಿದ್ದಾರೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಗೌರವವನ್ನು ಮಾತ್ರ ಘೋಷಿಸಿ ಕಡತವನ್ನು ಮುಚ್ಚಿಟ್ಟರೆ, ಹಳೆಯ ಆಜ್ಞೆಯ ಜಾಗದಲ್ಲಿ ಹೊಸ ಆಜ್ಞೆ ಬಂದಂತಾಯಿತು, ಅಷ್ಟೆ.

ಪ್ರಶ್ನೆ: ಯಾರ ಆಳ್ವಿಕೆಯಲ್ಲಿ ಸಾವಿರಾರು ಜನರು ಸತ್ತರೋ, ಚಿತ್ರಹಿಂಸೆ ಅನುಭವಿಸಿದರೋ, ಅಂಥವನಿಗೂ ಕಾಲ ಕಳೆದ ಮೇಲೆ ಸ್ಮಾರಕ ಕಟ್ಟಬಹುದೇ? ಸತ್ತವರ ಮೇಲೆ ದ್ವೇಷ ಸಾಧಿಸಬಾರದೆಂದು ಹಿರಿಯರು ಹೇಳುತ್ತಾರಲ್ಲ?

ಉತ್ತರ: ದ್ವೇಷ ಸಾಧಿಸದಿರುವುದು ಬೇರೆ, ಮೆರವಣಿಗೆ ಮಾಡುವುದು ಬೇರೆ. ಶವಕ್ಕೆ ಸಂಸ್ಕಾರ ಸಿಗಬೇಕು, ಕುಟುಂಬಕ್ಕೆ ದುಃಖಿಸಲು ಅವಕಾಶ ಸಿಗಬೇಕು, ಇದರಲ್ಲಿ ನನಗೆ ಸಂದೇಹವಿಲ್ಲ. ದೊರೆಯಿಲ್ಲದ ಇಂಗ್ಲೆಂಡನ್ನು ಆಳಿದ ಆಲಿವರ್ ಕ್ರಾಮ್‌ವೆಲ್ ಸತ್ತು ಎರಡು ವರ್ಷ ಕಳೆದ ಮೇಲೆ, 1661ರ ಜನವರಿ 30ರಂದು, ಅವನ ಶವವನ್ನು ಗಲ್ಲಿಗೆ ತೂಗಿ, ತಲೆಯನ್ನು ಕಡಿದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದ ಮೇಲೆ ಕಂಬಕ್ಕೆ ಸಿಕ್ಕಿಸಿದರು. ಅದು ನ್ಯಾಯವಲ್ಲ. ಆದರೆ ಅವನ ಪ್ರತಿಮೆಯನ್ನು ಸಂಸತ್ತಿನ ಎದುರು ನಿಲ್ಲಿಸಲು ಸಾರ್ವಜನಿಕ ಹಣ ಕೊಡಬೇಕೆಂದು 1895ರಲ್ಲಿ ಪ್ರಸ್ತಾಪ ಬಂದಾಗ ಐರಿಷ್ ಸದಸ್ಯರು ಬಲವಾಗಿ ವಿರೋಧಿಸಿದರು. 1649ರಲ್ಲಿ ಡ್ರಾಹಡಾ ಮತ್ತು ವೆಕ್ಸ್‌ಫರ್ಡ್ ಪಟ್ಟಣಗಳಲ್ಲಿ ಅವನ ಸೈನ್ಯ ನಡೆಸಿದ ಕಗ್ಗೊಲೆಯನ್ನು ಅವರ ಜನ ಮರೆತಿರಲಿಲ್ಲ. ಪ್ರಸ್ತಾಪ ಬಿದ್ದುಹೋಯಿತು. 1899ರಲ್ಲಿ ಪ್ರತಿಮೆ ನಿಂತದ್ದು ಖಾಸಗಿ ಹಣದಿಂದ. ಇಂಗ್ಲೆಂಡಿನ ಸಂಸದೀಯ ಸ್ವಾತಂತ್ರ್ಯದ ಇತಿಹಾಸದಲ್ಲಿ ಕ್ರಾಮ್‌ವೆಲ್‌ನ ಸ್ಥಾನ ದೊಡ್ಡದು, ಐರ್ಲೆಂಡಿನ ನೋವಿನಲ್ಲಿ ಅವನ ಪಾಲೂ ದೊಡ್ಡದು. ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ನೋಡೋಣ ಎನ್ನುವ ಲೆಕ್ಕ ಇಂಥ ಕಡೆ ನಡೆಯುವುದಿಲ್ಲ.

ಫಿಲಿಪ್ಪೀನ್ಸ್‌ನ ಉದಾಹರಣೆ ಇನ್ನೂ ಹತ್ತಿರದ್ದು, ಇನ್ನೂ ಕಹಿಯಾದದ್ದು. ಫರ್ಡಿನಂಡ್ ಮಾರ್ಕೋಸ್ 1972ರಲ್ಲಿ ಸೇನಾ ಕಾನೂನನ್ನು ಹೇರಿದರು, 1986ರ ಜನಾಂದೋಲನದಿಂದ ಪದಚ್ಯುತರಾದರು, 1989ರಲ್ಲಿ ಹವಾಯಿಯಲ್ಲಿ ನಿಧನರಾದರು. 1993ರಲ್ಲಿ ಶವವನ್ನು ತವರಿಗೆ ತಂದು ಶೈತ್ಯಾಗಾರದಲ್ಲಿ ಇಡಲಾಯಿತು. 2013ರಲ್ಲಿ ಅದೇ ದೇಶದ ಸಂಸತ್ತು, ಆ ಆಳ್ವಿಕೆಯಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಗೆ ಗುರಿಯಾದವರಿಗೆ ಪರಿಹಾರ ನೀಡುವ ಕಾನೂನನ್ನು ಮಾಡಿತು; ಮಾರ್ಕೋಸ್ ಕುಟುಂಬದಿಂದ ಮರಳಿ ಪಡೆದ ಸ್ವಿಸ್ ಖಾತೆಗಳ ಹಣದಿಂದ 1,000 ಕೋಟಿ ಪೆಸೊ ಅದಕ್ಕೆ ಮೀಸಲಾಯಿತು; 11,103 ಮಂದಿಯನ್ನು ಸಂತ್ರಸ್ತರೆಂದು ಅಧಿಕೃತವಾಗಿ ಗುರುತಿಸಲಾಯಿತು. ಹೀಗಿದ್ದೂ 2016ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಮಾರ್ಕೋಸ್ ಮಾಜಿ ಅಧ್ಯಕ್ಷರೂ ಮಾಜಿ ಸೈನಿಕರೂ ಆಗಿದ್ದರಿಂದ ಅವರನ್ನು ವೀರರ ಸಮಾಧಿಭೂಮಿಯಲ್ಲಿ ಹೂಳಲು ಕಾನೂನಿನ ಅಡ್ಡಿಯಿಲ್ಲ ಎಂದು ಒಂಬತ್ತಕ್ಕೆ ಐದರ ಬಹುಮತದಿಂದ ಹೇಳಿತು. ಹತ್ತು ದಿನಗಳಲ್ಲಿ, ಮೊದಲೇ ಸಾರಿ ಹೇಳದೆ, ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ಮುಗಿಯಿತು. ಕಾನೂನಿನ ಅಕ್ಷರವನ್ನು ನೋಡಿದರೆ ಬಹುಮತದ ವಾದಕ್ಕೆ ಆಧಾರವಿರಬಹುದು. ಆದರೆ ಒಂದೇ ಸರ್ಕಾರ ಒಂದು ಕೈಯಿಂದ ಸಂತ್ರಸ್ತರಿಗೆ ಪರಿಹಾರ ಕೊಡುತ್ತ ಇನ್ನೊಂದು ಕೈಯಿಂದ ಅವರನ್ನು ನೋಯಿಸಿದವರಿಗೆ ಗೌರವವಂದನೆ ಸಲ್ಲಿಸುವುದನ್ನು ಆ 11,103 ಮಂದಿ ಹೇಗೆ ಸಹಿಸಬೇಕು? ಕಾಲ ಕಳೆಯಿತು ಎಂಬುದು ಉತ್ತರವಾಗಲಾರದು. ಅವರಲ್ಲಿ ಅನೇಕರು ಆಗ ಬದುಕಿದ್ದರು.

ಟರ್ಕಿಯ ಪ್ರಧಾನಿಯಾಗಿದ್ದ ಅದ್ನಾನ್ ಮೆಂಡೆರೆಸ್ ಅವರದು ಇವೆರಡರ ನಡುವಿನ ಪ್ರಕರಣ. ಚುನಾವಣೆಯಲ್ಲಿ ಗೆದ್ದು ಬಂದ ಅವರನ್ನು 1960ರ ಮೇ 27ರಂದು ಸೇನೆ ಉರುಳಿಸಿತು. ಯಾಸ್ಸಿಯಾಡಾ ದ್ವೀಪದಲ್ಲಿ ವಿಶೇಷ ನ್ಯಾಯಾಲಯವನ್ನು ಕೂರಿಸಿ ವಿಚಾರಣೆ ನಡೆಸಿತು. 1961ರ ಸೆಪ್ಟೆಂಬರ್ 17ರಂದು ಗಲ್ಲಿಗೇರಿಸಿತು. ಈ ಅನ್ಯಾಯವನ್ನು ಟರ್ಕಿ ಒಪ್ಪಿಕೊಂಡದ್ದು ಒಳ್ಳೆಯದೇ: 1990ರಲ್ಲಿ ಅವರ ಅವಶೇಷಗಳನ್ನು ಇಸ್ತಾಂಬುಲ್‌ನ ಸ್ಮಾರಕಕ್ಕೆ ತರಲಾಯಿತು, 2020ರಲ್ಲಿ ಸಂಸತ್ತು ಆ ನ್ಯಾಯಾಲಯದ ಕಾನೂನು ಆಧಾರವನ್ನೇ ರದ್ದುಗೊಳಿಸಿತು. ಆದರೆ 1955ರ ಸೆಪ್ಟೆಂಬರ್ 6 ಮತ್ತು 7ರಂದು ಇಸ್ತಾಂಬುಲ್‌ನ ಗ್ರೀಕರ ಮೇಲೆ, ಅವರ ಅಂಗಡಿ ಮನೆ ಚರ್ಚುಗಳ ಮೇಲೆ ನಡೆದ ದಾಳಿಯಲ್ಲಿ ಮೆಂಡೆರೆಸ್ ಸರ್ಕಾರದ ಹೊಣೆಯೂ ಆ ನ್ಯಾಯಾಲಯದ ಮುಂದಿದ್ದ ಆರೋಪಗಳಲ್ಲಿ ಒಂದಾಗಿತ್ತು. ಕಾನೂನುಬಾಹಿರ ನ್ಯಾಯಾಲಯ ಬಿದ್ದುಹೋಗಬೇಕಾದದ್ದೇ. ಅದರೊಂದಿಗೆ ಗ್ರೀಕರ ದೂರೂ ಬಿದ್ದುಹೋಗಬಾರದಾಗಿತ್ತು. ನನ್ನ ನಿಲುವನ್ನು ನೇರವಾಗಿ ಹೇಳುವುದಾದರೆ, ನಾಯಕನಿಗೆ ಆದ ಅನ್ಯಾಯವನ್ನು ಸರಿಪಡಿಸುವ ದಿನವೇ ನಾಯಕನಿಂದ ಆದ ಅನ್ಯಾಯವನ್ನೂ ಅದೇ ವೇದಿಕೆಯಿಂದ, ಅಷ್ಟೇ ಎತ್ತರದ ದನಿಯಲ್ಲಿ ಹೇಳಬೇಕು. ಅದಕ್ಕೆ ಸಿದ್ಧವಿಲ್ಲದ ಸರ್ಕಾರ ಕಟ್ಟುವ ಸ್ಮಾರಕವನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಂಥ ವಿಜ್ಞಾನದ ಸಾಧನಗಳು ಈಗ ಇರುವುದರಿಂದ ಇಂಥ ವಿವಾದಗಳನ್ನು ಪೂರ್ತಿಯಾಗಿ ಬಗೆಹರಿಸಬಹುದಲ್ಲವೇ?

ಉತ್ತರ: ಸ್ವಲ್ಪ ಮಟ್ಟಿಗೆ. 1485ರಲ್ಲಿ ಯುದ್ಧಭೂಮಿಯಲ್ಲಿ ಸತ್ತ ಇಂಗ್ಲೆಂಡಿನ ಮೂರನೆಯ ರಿಚರ್ಡ್ ದೊರೆಯ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲುಗಡೆಯ ಜಾಗದಡಿ ದೊರೆಯಿತು. 2015ರಲ್ಲಿ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಮರುಸಮಾಧಿಯಾಯಿತು. ಅವನ ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದುದು ನಿಜವೆಂದೂ, ಅವನ ಒಂದು ತೋಳು ಒಣಗಿತ್ತು ಎಂದು ಶತ್ರುಗಳು ಹಬ್ಬಿಸಿದ್ದ ಮಾತಿಗೆ ಆಧಾರವಿಲ್ಲವೆಂದೂ ಮೂಳೆಗಳು ತಿಳಿಸಿದವು. ಲಂಡನ್ ಗೋಪುರದಿಂದ ಕಣ್ಮರೆಯಾದ ಇಬ್ಬರು ಬಾಲ ರಾಜಕುಮಾರರನ್ನು ಅವನೇ ಕೊಲ್ಲಿಸಿದನೇ ಎಂಬ ಮುಖ್ಯ ಪ್ರಶ್ನೆಗೆ ಆ ಮೂಳೆಗಳಲ್ಲಿ ಉತ್ತರವಿಲ್ಲ. ಅವನ ದೇಹದ ಬಗೆಗಿನ ಒಂದು ಸುಳ್ಳು ಬಯಲಾದ ಮಾತ್ರಕ್ಕೆ ಅವನ ಮೇಲಿನ ಆರೋಪಗಳೆಲ್ಲ ಸುಳ್ಳೆಂದು ಅವನ ಅಭಿಮಾನಿಗಳು ಭಾವಿಸಬಾರದು.

ಪ್ರಶ್ನೆ: ಒಮ್ಮೆ ಮರಳಿ ಬಂದ ಗೌರವ ಮತ್ತೆ ಹೋಗುವುದುಂಟೇ?

ಉತ್ತರ: ಧಾರಾಳವಾಗಿ. ಪೋಪ್ ಫಾರ್ಮೋಸಸ್ ಅವರ ಶವವನ್ನು 897ರಲ್ಲಿ ಸಮಾಧಿಯಿಂದ ತೆಗೆದು, ಪೀಠದ ಮೇಲೆ ಕೂರಿಸಿ ವಿಚಾರಣೆ ನಡೆಸಿ, ಟೈಬರ್ ನದಿಗೆ ಎಸೆದರು; ಅದೇ ವರ್ಷ ಇನ್ನೊಬ್ಬ ಪೋಪ್ ಆ ವಿಚಾರಣೆಯನ್ನು ರದ್ದುಮಾಡಿ ಗೌರವದಿಂದ ಹೂಳಿಸಿದರು; ಕೆಲವೇ ವರ್ಷಗಳಲ್ಲಿ ಬಂದ ಮೂರನೆಯ ಸರ್ಜಿಯಸ್ ಮತ್ತೆ ಹಳೆಯ ಖಂಡನೆಯನ್ನೇ ಎತ್ತಿಹಿಡಿದರು.

ನಮ್ಮ ಕಾಲದಲ್ಲಿ ಹಂಗೇರಿಯ ಇಮ್ರೆ ನಾಜ್ ಅವರನ್ನು ನೋಡಿ. ಸೋವಿಯತ್ ಹಿಡಿತದ ವಿರುದ್ಧ ನಡೆದ 1956ರ ದಂಗೆಯ ಕಾಲದಲ್ಲಿ ಪ್ರಧಾನಿಯಾಗಿದ್ದ ಅವರನ್ನು ಗುಪ್ತ ವಿಚಾರಣೆಯ ನಂತರ 1958ರ ಜೂನ್ 16ರಂದು ಗಲ್ಲಿಗೇರಿಸಲಾಯಿತು. ಬುಡಾಪೆಸ್ಟ್‌ನ ಸ್ಮಶಾನವೊಂದರ ಮೂಲೆಯಲ್ಲಿ, 301ನೇ ಸಂಖ್ಯೆಯ ಭಾಗದಲ್ಲಿ, ಗುರುತಿನ ಕಲ್ಲೂ ಇಲ್ಲದೆ ಹೂಳಲಾಯಿತು. ಮೂವತ್ತೊಂದು ವರ್ಷಗಳ ನಂತರ ಅದೇ ದಿನಾಂಕದಂದು ವೀರರ ಚೌಕದಲ್ಲಿ ಭಾರೀ ಜನಸಾಗರದ ಮುಂದೆ ಅವರಿಗೆ ಮರುಸಂಸ್ಕಾರ ನಡೆಯಿತು. ಅವರ ಮತ್ತು ಅವರ ನಾಲ್ವರು ಸಂಗಡಿಗರ ಶವಪೆಟ್ಟಿಗೆಗಳ ಜೊತೆಗೆ, ದಂಗೆಯಲ್ಲಿ ಮಡಿದ ಹೆಸರಿಲ್ಲದ ಹೋರಾಟಗಾರರಿಗಾಗಿ ಆರನೆಯ ಖಾಲಿ ಪೆಟ್ಟಿಗೆಯನ್ನೂ ಇಟ್ಟಿದ್ದರು. ನಾಯಕನಿಗೆ ಸಲ್ಲುವ ಗೌರವದಲ್ಲಿ ಜನಸಾಮಾನ್ಯರಿಗೂ ಪಾಲು ಕೊಟ್ಟ ಇಂಥ ಇನ್ನೊಂದು ಸಂಸ್ಕಾರ ನನಗೆ ಕಂಡಿಲ್ಲ. 1989ರ ಜುಲೈ 6ರಂದು ಸುಪ್ರೀಂ ಕೋರ್ಟ್ ಅವರ ಮೇಲಿನ ತೀರ್ಪನ್ನು ರದ್ದುಪಡಿಸಿತು. ಅವರ ನಂತರ ಮೂರು ದಶಕ ದೇಶವನ್ನು ಆಳಿದ ಯಾನೊಷ್ ಕಾದಾರ್ ತೀರಿಕೊಂಡದ್ದೂ ಅದೇ ದಿನ. ಇಷ್ಟಾದ ಮೇಲೂ, ಸಂಸತ್ ಭವನದ ಬಳಿ 1996ರಲ್ಲಿ ನಿಲ್ಲಿಸಿದ್ದ ನಾಜ್ ಅವರ ಪ್ರತಿಮೆಯನ್ನು 2018ರ ಡಿಸೆಂಬರ್‌ನಲ್ಲಿ ಕಿತ್ತು ಬೇರೆಡೆಗೆ ಸಾಗಿಸಲಾಯಿತು. ಕೊನೆಯವರೆಗೂ ಕಮ್ಯುನಿಸ್ಟರಾಗಿಯೇ ಉಳಿದ ನಾಯಕ ಹೊಸ ರಾಜಕೀಯಕ್ಕೆ ಒಗ್ಗಲಿಲ್ಲ. ಪ್ರತಿಮೆಯ ಜಾಗವನ್ನು ಸರ್ಕಾರಗಳು ಬದಲಿಸುತ್ತಲೇ ಇರುತ್ತವೆ. 1989ರ ನ್ಯಾಯಾಲಯದ ನಿರ್ಣಯವಾದರೋ ಹಾಗೆಯೇ ನಿಂತಿದೆ. ನಾಯಕನ ಪರ ಹೋರಾಡುವವರು ಪ್ರತಿಮೆಗಿಂತ ಮೊದಲು ಅಂಥ ನಿರ್ಣಯಕ್ಕಾಗಿ ಶ್ರಮಿಸಬೇಕೆಂದು ನಾನು ಹೇಳುವುದು ಈ ಕಾರಣದಿಂದ.

ಪ್ರಶ್ನೆ: ಹಿಂದಿನ ಕಾಲದ ನಾಯಕರೊಬ್ಬರ ಮೇಲಿನ ಅಪವಾದ ಸುಳ್ಳೆಂದು ನಂಬಿ ಅವರ ಕುರಿತು ಪುಸ್ತಕ ಬರೆಯಲು ಹೊರಟಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನಂಬಿಕೆಯಿಂದ ಹೊರಡುವುದು ತಪ್ಪಲ್ಲ, ಆದರೆ ಮೊದಲು ಓದಬೇಕಾದದ್ದು ಅವರ ವಿರೋಧಿಗಳು ಸಿದ್ಧಪಡಿಸಿದ ಕಡತವನ್ನು. ಆರೋಪಪಟ್ಟಿ, ಸಾಕ್ಷಿಗಳ ಹೇಳಿಕೆ, ಆ ಕಾಲದ ಪತ್ರಿಕೆಗಳು, ಇವುಗಳಲ್ಲಿ ಯಾವ ಮಾತು ಮೊದಲ ಬಾರಿಗೆ ಯಾವಾಗ ಕಾಣಿಸಿಕೊಂಡಿತು ಎಂಬುದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಅಪವಾದಗಳಲ್ಲಿ ಅನೇಕವು ಘಟನೆ ನಡೆದು ಬಹುಕಾಲದ ನಂತರ ಹುಟ್ಟಿದವಾಗಿರುತ್ತವೆ, ಅದು ಈ ಕ್ರಮದಿಂದ ತಾನಾಗಿಯೇ ಗೊತ್ತಾಗುತ್ತದೆ. ಇನ್ನು ಕೆಲವು ಅಂದಿನವೇ ಆಗಿದ್ದು, ಸತ್ಯವೂ ಆಗಿರಬಹುದು; ಅದಕ್ಕೂ ಮನಸ್ಸನ್ನು ಸಿದ್ಧಮಾಡಿಕೊಳ್ಳಿ.

ಎರಡನೆಯದಾಗಿ, ನಾಯಕರ ಸ್ವಂತ ಮಾತುಗಳನ್ನು ಮೂಲದಲ್ಲೇ ಕೊಡಿ. ಸುಮಾರು ಎರಡು ಶತಮಾನ ಕಪಟಿಯೆಂದೇ ಹೆಸರಾಗಿದ್ದ ಕ್ರಾಮ್‌ವೆಲ್‌ನ ಬಗ್ಗೆ ಇಂಗ್ಲಿಷ್ ಓದುಗರ ಅಭಿಪ್ರಾಯ ಬದಲಾದದ್ದಕ್ಕೆ ಒಂದು ದೊಡ್ಡ ಕಾರಣ, ಥಾಮಸ್ ಕಾರ್ಲೈಲ್ 1845ರಲ್ಲಿ ಅವನ ಪತ್ರಗಳನ್ನೂ ಭಾಷಣಗಳನ್ನೂ ಸಂಗ್ರಹಿಸಿ ಪ್ರಕಟಿಸಿದ್ದು. ಸಂಪಾದಕನ ಭಕ್ತಿ ಅದರಲ್ಲಿ ಮಿತಿಮೀರಿದ್ದರೂ, ಮೂಲ ಬರಹಗಳು ಎದುರಿಗಿದ್ದುದರಿಂದ ಓದುಗರು ತಾವೇ ತೂಗಿ ನೋಡಲು ಸಾಧ್ಯವಾಯಿತು. ಡ್ರಾಹಡಾದ ಬಗ್ಗೆ ಕ್ರಾಮ್‌ವೆಲ್ ಸ್ವತಃ ಬರೆದ ವರದಿಯೂ ಆ ಪತ್ರಗಳ ನಡುವೆಯೇ ಇದೆ.

ಮೂರನೆಯದಾಗಿ, ಆ ನಾಯಕರಿಂದ ನೊಂದವರ ವಂಶಸ್ಥರು ಇದ್ದರೆ ಅವರನ್ನು ಕಂಡು ಮಾತನಾಡಿಸಿ, ಅವರ ಮಾತಿಗೆ ಪುಸ್ತಕದ ನಡುವೆಯೇ ಒಂದು ಅಧ್ಯಾಯವನ್ನು ಕೊಡಿ. ಅದನ್ನು ಅನುಬಂಧಕ್ಕೆ ತಳ್ಳಬೇಡಿ. ಕರಡು ಮುಗಿದ ಮೇಲೆ, ವಿಷಯ ಬಲ್ಲ, ಆದರೆ ನಿಮ್ಮ ನಾಯಕರನ್ನು ಮೆಚ್ಚದ ಒಬ್ಬರಿಗೆ ಅದನ್ನು ಓದಲು ಕೊಡಿ. ಅವರು ಗುರುತು ಹಾಕಿದ ಪ್ರತಿ ವಾಕ್ಯಕ್ಕೂ ದಾಖಲೆ ತೋರಿಸಲು ಸಾಧ್ಯವಾದರೆ ಉಳಿಸಿಕೊಳ್ಳಿ, ಇಲ್ಲವಾದರೆ ತೆಗೆದುಹಾಕಿ.